ಮೃಗಾಲಯದ ಹುಲಿ-ಸಿಂಹಗಳಿಗೆ ತಗಲುವ ವೈರಾಣು ರೋಗಗಳು

2021ರ ಮೇ ತಿಂಗಳ ಕೊನೆಯ ವಾರದಲ್ಲಿ ಚೆನ್ನೈ ಸಮೀಪದ ವಂಡಲೂರಿನ ಅರಿಞರ್ ಅಣ್ಣಾ ಮೃಗಾಲಯದ ಕೆಲವು ಸಿಂಹಗಳು ಆಹಾರವನ್ನು ಸರಿಯಾಗಿ ಮುಟ್ಟದಾದವು. ಆಗಾಗ ಕೆಮ್ಮು ಕೇಳಿಸತೊಡಗಿತು. ಅಲ್ಲಿದ್ದ 11 ಸಿಂಹಗಳ ಮಾದರಿಗಳನ್ನು ಭೋಪಾಲದ ರಾಷ್ಟ್ರೀಯ ಪಶುರೋಗ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. 9 ಸಿಂಹಗಳಲ್ಲಿ ಕೋವಿಡ್ ಸೋಂಕು ಇರುವುದು ಖಚಿತವಾಯಿತು. ಜೂನ್ 3ರ ಸಂಜೆ ನೀಲಾ ಎಂಬ 9 ವರ್ಷದ ಸಿಂಹಿಣಿ ತೀರಿಕೊಂಡಿತು. ಅದರಲ್ಲಿ ಕಂಡುಬಂದಿದ್ದ ಲಕ್ಷಣವೆಂದರೆ ಹಿಂದಿನ ದಿನ ಮೂಗಿನಿಂದ ಸ್ವಲ್ಪ ದ್ರವ ಒಸರಿದ್ದುದು, ಅಷ್ಟೆ. ಜೂನ್ 16ರಂದು 12 ವರ್ಷದ ಗಂಡು ಸಿಂಹವೂ ಸತ್ತಿತು. ಕೆಲವು ಮಾದರಿಗಳ ಅನುವಂಶೀಯ ವಿನ್ಯಾಸವನ್ನು ಪರಿಶೀಲಿಸಿದಾಗ, ಆ ದಿನಗಳಲ್ಲಿ ದೇಶದ ಮನೆಮನೆಯನ್ನೂ ಕಂಗೆಡಿಸಿದ್ದ ಡೆಲ್ಟಾ ರೂಪಾಂತರವೇ ಅವುಗಳಲ್ಲಿಯೂ ಇತ್ತು.

ಆಗ ಮೃಗಾಲಯಕ್ಕೆ ಸಾರ್ವಜನಿಕರ ಪ್ರವೇಶವೇ ಇರಲಿಲ್ಲ. ಹಾಗಿದ್ದೂ ರೋಗ ಒಳಹೊಕ್ಕಿತು. ಕಂದಕ, ಗೋಡೆ, ಕಬ್ಬಿಣದ ಸರಳು ಇವೆಲ್ಲವುಗಳ ನಡುವೆ ಇರುವ ಪ್ರಾಣಿಯನ್ನು ವೈರಾಣು ಯಾವ ಬಾಗಿಲಿನಿಂದ ತಲಪುತ್ತದೆ? ವಿಜ್ಞಾನದ ಪಾಠದಲ್ಲಿ ಸೂಕ್ಷ್ಮಜೀವಿಗಳ ಅಧ್ಯಾಯವನ್ನು ಈ ಒಂದು ಪ್ರಶ್ನೆಯಿಂದಲೇ ಆರಂಭಿಸಬಹುದು. ಮಕ್ಕಳಿಗೆ ಹುಲಿ, ಸಿಂಹಗಳ ಮೇಲೆ ಇರುವ ಕುತೂಹಲ ಪಾಠವನ್ನು ಮುಂದಕ್ಕೆ ಎಳೆದೊಯ್ಯುತ್ತದೆ.

ಮೊದಲು ಪದಗಳ ವಿಚಾರವನ್ನು ಇತ್ಯರ್ಥಪಡಿಸಿಕೊಳ್ಳುವುದು ಒಳ್ಳೆಯದು. ಗಡಿನಾಡಿನ ತರಗತಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ನಮ್ಮ ಪಠ್ಯಗಳಲ್ಲಿ ವೈರಸ್ ಎಂಬುದಕ್ಕೆ ವೈರಾಣು ಎಂಬ ಪದ ಬಳಕೆಯಲ್ಲಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮಕ್ಕಳು ಮರಾಠಿ ಪುಸ್ತಕದಲ್ಲಿ ಇದನ್ನೇ ವಿಷಾಣು ಎಂದು ಓದುತ್ತಾರೆ. ಬ್ಯಾಕ್ಟೀರಿಯಾ ಅಲ್ಲಿ ಜಿವಾಣು. ಎರಡೂ ಒಂದೇ ಎಂದು ಹೇಳಿಕೊಡದಿದ್ದರೆ ವಿಷಾಣು ಎಂದರೆ ವಿಷದ ಕಣ ಎಂಬ ತಪ್ಪು ತಿಳಿವಳಿಕೆ ಉಳಿದುಬಿಡುತ್ತದೆ. ಪ್ರಾಣಿಗಳ ಹೆಸರಿನಲ್ಲಿ ಗೊಂದಲ ಇನ್ನೂ ಹೆಚ್ಚು. ತಮಿಳಿನಲ್ಲಿ, ತೆಲುಗಿನಲ್ಲಿ ಪುಲಿ ಎಂದರೆ ನಮ್ಮ ಹುಲಿಯೇ. ಮಲಯಾಳದಲ್ಲಿ ಹುಲಿಗೆ ಕಡುವ ಎಂಬ ಹೆಸರಿದೆ. ಪುಲಿ ಎಂದರೆ ಸಾಮಾನ್ಯವಾಗಿ ಚಿರತೆ. ವಯನಾಡಿನ ಅಥವಾ ಕಾಸರಗೋಡಿನ ಹುಡುಗನೊಬ್ಬ ಮಲಯಾಳ ಪತ್ರಿಕೆಯ ಸುದ್ದಿಯನ್ನು ಕನ್ನಡದಲ್ಲಿ ಬರೆದು ತಂದಾಗ ಚಿರತೆ ಹುಲಿಯಾಗಿರುವುದು ಅಪರೂಪವಲ್ಲ. ಅದು ಹುಡುಗನ ತಪ್ಪಲ್ಲ. ಎರಡು ಭಾಷೆಗಳು ಒಂದೇ ಪದವನ್ನು ಹಂಚಿಕೊಂಡ ಬಗೆ.

ಈಗ ವಂಡಲೂರಿನ ಪ್ರಶ್ನೆಗೆ ಮರಳೋಣ. ಪ್ರಾಣಿಗಳಿಂದ ಮನುಷ್ಯರಿಗೆ ರೋಗ ಬರುತ್ತದೆಂದು ನಾವು ಕಲಿಸುತ್ತ ಬಂದಿದ್ದೇವೆ: ನಾಯಿಯಿಂದ ರೇಬೀಸ್, ಇಲಿಯಿಂದ ಪ್ಲೇಗು. ಮನುಷ್ಯನಿಂದ ಪ್ರಾಣಿಗೆ ರೋಗ ಹೋಗುವುದು ಪಾಠದಲ್ಲಿ ಬರುವುದೇ ಇಲ್ಲ. 2020ರ ಏಪ್ರಿಲ್ 5ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ನಾದಿಯಾ ಎಂಬ ನಾಲ್ಕು ವರ್ಷದ ಮಲಯನ್ ಹೆಣ್ಣು ಹುಲಿಗೆ ಕೋವಿಡ್ ಇರುವುದು ಪ್ರಕಟವಾಯಿತು. ಅದಕ್ಕೆ ಒಣಕೆಮ್ಮು ಇತ್ತು. ಸೋಂಕು ತಗಲಿದ್ದರೂ ಯಾವ ಲಕ್ಷಣವೂ ಇಲ್ಲದಿದ್ದ ಪಾಲಕರೊಬ್ಬರಿಂದ ಅದು ಬಂದಿರಬೇಕೆಂದು ನಿರ್ಧರಿಸಲಾಯಿತು. ಒಟ್ಟು ಐದು ಹುಲಿಗಳಿಗೆ ಮತ್ತು ಮೂರು ಸಿಂಹಗಳಿಗೆ ಸೋಂಕು ಹಬ್ಬಿತು, ಎಲ್ಲವೂ ಚೇತರಿಸಿಕೊಂಡವು. ನಾದಿಯಾಳ ಮಾದರಿಯನ್ನು ಪ್ರಜ್ಞೆ ತಪ್ಪಿಸಿ ಪಡೆಯಲಾಗಿತ್ತು. ಉಳಿದವುಗಳಿಗೆ ಆ ಕಷ್ಟವನ್ನು ಕೊಡಲಿಲ್ಲ. ಅವುಗಳ ಮಲವನ್ನೇ ಪರೀಕ್ಷಿಸಿದರು. ಹುಲಿಯ ಮೂಗಿಗೆ ಕಡ್ಡಿ ಹಾಕುವವರು ಯಾರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಉತ್ತರ ಇಲ್ಲಿದೆ.

ಬ್ರಾಂಕ್ಸ್‌ನ ಸುದ್ದಿ ಬಂದ ಮರುದಿನವೇ ನಮ್ಮ ಕೇಂದ್ರ ಮೃಗಾಲಯ ಪ್ರಾಧಿಕಾರ ದೇಶದ ಎಲ್ಲ ಮೃಗಾಲಯಗಳಿಗೂ ಎಚ್ಚರಿಕೆ ನೀಡಿತು. ಆದರೂ ಎರಡನೆಯ ಅಲೆಯಲ್ಲಿ, 2021ರ ಮೇ ಆರಂಭದಲ್ಲಿ, ಹೈದರಾಬಾದಿನ ನೆಹರೂ ಮೃಗಾಲಯದ ಎಂಟು ಏಷ್ಯಾ ಸಿಂಹಗಳಿಗೆ ಸೋಂಕು ತಗಲಿತು. ಅವು ಗುಣಮುಖವಾದವು. ಬಳಿಕ ವಂಡಲೂರು. ವಂಡಲೂರಿನ ಸಾವಿನ ಬೆನ್ನಿಗೇ ನೀಲಗಿರಿಯ ಮುದುಮಲೆ ಶಿಬಿರದ 28 ಆನೆಗಳಿಂದಲೂ ಮಾದರಿ ಪಡೆದು ಪರೀಕ್ಷಿಸಿದರು, ಸೋಂಕು ಕಂಡುಬರಲಿಲ್ಲ. ನೀಲಗಿರಿಯ ಶಿಕ್ಷಕರಿಗೆ ಇದು ನೆನಪಿರಬಹುದು. 2022ರ ಜೂನ್‌ನಲ್ಲಿ ಹರಿಯಾಣದ ಹಿಸ್ಸಾರಿನ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರ ಪ್ರಾಣಿಗಳಿಗೆಂದೇ ಸಿದ್ಧಪಡಿಸಿದ ಅಂಕೋವ್ಯಾಕ್ಸ್ ಎಂಬ ಲಸಿಕೆ ಬಿಡುಗಡೆಯಾಯಿತು. ಅದು ನಿಷ್ಕ್ರಿಯಗೊಳಿಸಿದ ಡೆಲ್ಟಾ ವೈರಾಣುವಿನಿಂದ ತಯಾರಾದದ್ದು.

ಮನುಷ್ಯನ ರೋಗ ಹುಲಿಗೆ ಹೇಗೆ ತಗಲುತ್ತದೆ? ವೈರಾಣು ತಾನಾಗಿ ಬದುಕಲಾರದು. ಜೀವಕೋಶವೊಂದರ ಒಳಹೊಕ್ಕು ಅದರ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳಬೇಕು. ಒಳಹೋಗಲು ಕೋಶದ ಮೇಲ್ಮೈಯಲ್ಲಿರುವ ಯಾವುದಾದರೊಂದು ಪ್ರೋಟೀನು ಅದಕ್ಕೆ ಹಿಡಿಕೆಯಾಗಬೇಕು. ಕೊರೊನಾ ವೈರಾಣು ಮನುಷ್ಯನಲ್ಲಿ ಹಿಡಿದುಕೊಳ್ಳುವ ಪ್ರೋಟೀನು ಬೆಕ್ಕಿನ ಜಾತಿಯ ಪ್ರಾಣಿಗಳಲ್ಲಿಯೂ ಬಹುಮಟ್ಟಿಗೆ ಅದೇ ರಚನೆಯಲ್ಲಿದೆ. ಬೀಗವೂ ಕೀಲಿಯೂ ಎಂಬ ಹೋಲಿಕೆಯನ್ನು ಇಲ್ಲಿ ಬಳಸುವುದು ವಾಡಿಕೆ. ಅದು ಸರಿಯೇ, ಆದರೆ ಕೀಲಿ ಸರಿಯಾಗಿ ಹೊಂದಬೇಕೆಂದೇನೂ ಇಲ್ಲ, ಸುಮಾರಾಗಿ ಹೊಂದಿದರೂ ಬಾಗಿಲು ತೆರೆದುಕೊಳ್ಳುತ್ತದೆ ಎಂಬುದನ್ನು ಸೇರಿಸಿ ಹೇಳಬೇಕು.

ಎರಡನೆಯ ಬಾಗಿಲು ತಟ್ಟೆ. ಈ ವಿಷಯದಲ್ಲಿ ಜಗತ್ತು ಪಾಠ ಕಲಿತದ್ದು ಥಾಯ್ಲೆಂಡಿನಲ್ಲಿ. 2003ರ ಡಿಸೆಂಬರಿನಲ್ಲಿ ಅಲ್ಲಿನ ಸುಫನ್‌ಬುರಿಯ ಮೃಗಾಲಯವೊಂದರಲ್ಲಿ ಎರಡು ಹುಲಿಗಳು ಮತ್ತು ಎರಡು ಚಿರತೆಗಳು ತೀವ್ರ ಜ್ವರ, ಏದುಸಿರುಗಳಿಂದ ಸತ್ತವು. ಅವುಗಳಿಗೆ ಹಸಿ ಕೋಳಿಯನ್ನು ಹಾಕಲಾಗುತ್ತಿತ್ತು. ಕಾರಣ ಹಕ್ಕಿಜ್ವರದ ಎಚ್5ಎನ್1 ವೈರಾಣು ಎಂದು ತಿಳಿದಾಗ ವಿಜ್ಞಾನಿಗಳಿಗೂ ಆಶ್ಚರ್ಯವಾಯಿತು, ಏಕೆಂದರೆ ಬೆಕ್ಕಿನ ಕುಟುಂಬಕ್ಕೆ ಈ ಜಾತಿಯ ಜ್ವರ ಬಾಧಿಸದೆಂಬ ನಂಬಿಕೆ ಅದುವರೆಗೆ ಇತ್ತು. ಮರುವರ್ಷ ಅಕ್ಟೋಬರಿನಲ್ಲಿ ಶ್ರೀರಾಚಾ ಎಂಬಲ್ಲಿನ ಹುಲಿ ಮೃಗಾಲಯದಲ್ಲಿ ನಡೆದದ್ದು ಇನ್ನೂ ಘೋರ. ಅಲ್ಲಿ 441 ಹುಲಿಗಳಿದ್ದವು. ಮೊದಲು ಕಾಯಿಲೆ ಬಿದ್ದದ್ದು ಎರಡು ವರ್ಷದೊಳಗಿನ ಮರಿಗಳು. ಕೂಡಲೇ ಹಸಿ ಕೋಳಿಯನ್ನು ನಿಲ್ಲಿಸಿ ಹಂದಿಮಾಂಸವನ್ನೂ ಬೇಯಿಸಿದ ಕೋಳಿಯನ್ನೂ ಕೊಡತೊಡಗಿದರು. ಆಹಾರ ಬದಲಾದ ಮೇಲೂ ಹೊಸ ಹುಲಿಗಳು ಕಾಯಿಲೆ ಬೀಳುತ್ತಲೇ ಹೋದವು. ಅಂದರೆ ಕೋಳಿಯಿಂದ ಹುಲಿಗೆ ಬಂದ ವೈರಾಣು ಈಗ ಹುಲಿಯಿಂದ ಹುಲಿಗೆ ದಾಟುತ್ತಿತ್ತು. ಸತ್ತವು ಮತ್ತು ರೋಗ ತಡೆಯಲೆಂದು ಕೊಂದವು ಸೇರಿ 147 ಹುಲಿಗಳು ಹೋದವು. ಒಂದೇ ಕಡೆ ನಾಲ್ಕುನೂರಕ್ಕೂ ಹೆಚ್ಚು ಹುಲಿಗಳನ್ನು ಒತ್ತೊತ್ತಾಗಿ ಇಟ್ಟದ್ದೇ ಅಲ್ಲಿ ಅರ್ಧ ರೋಗ ಎಂದು ನನ್ನ ಅಭಿಪ್ರಾಯ. ಕಾಡಿನಲ್ಲಿ ಹುಲಿ ಒಂಟಿ ಜೀವಿ. ಒಂದರ ಉಸಿರು ಇನ್ನೊಂದಕ್ಕೆ ತಾಕುವ ಸಂದರ್ಭವೇ ಕಡಿಮೆ.

ಇಪ್ಪತ್ತು ವರ್ಷಗಳ ನಂತರವೂ ಅದೇ ಬಾಗಿಲು ತೆರೆದೇ ಇದೆ. 2024ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ವಿಯೆಟ್ನಾಮಿನ ದಕ್ಷಿಣ ಭಾಗದ ಎರಡು ಪ್ರಾಣಿಸಂಗ್ರಹಾಲಯಗಳಲ್ಲಿ 47 ಹುಲಿಗಳು ಎಚ್5ಎನ್1ಗೆ ಬಲಿಯಾದವು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ನಾಗಪುರದ ಗೋರೆವಾಡಾ ಕೇಂದ್ರದಲ್ಲಿ ಮೂರು ಹುಲಿಗಳು, ಒಂದು ಚಿರತೆ ಸತ್ತವು. ಜನವರಿಯಲ್ಲಿ ಬಂದ ಭೋಪಾಲದ ವರದಿ ಹಕ್ಕಿಜ್ವರವನ್ನೇ ಹೆಸರಿಸಿತು.

ಬೇಯಿಸಿ ಹಾಕಬಾರದೇಕೆ ಎಂದು ಮಕ್ಕಳು ಕೇಳಬಹುದು. ಒಳ್ಳೆಯ ಪ್ರಶ್ನೆ. ಮಾಂಸದ ಎಲ್ಲ ಭಾಗವೂ 70 ಡಿಗ್ರಿ ಸೆಲ್ಸಿಯಸ್ ತಲಪುವಂತೆ ಬೇಯಿಸಿದರೆ ಈ ವೈರಾಣು ಸಾಯುತ್ತದೆ. ಮನೆಯಲ್ಲಿ ಚೆನ್ನಾಗಿ ಬೆಂದ ಕೋಳಿಸಾರು ತಿನ್ನುವುದಕ್ಕೆ ಅಂಜಬೇಕಾಗಿಲ್ಲ ಎಂಬುದಕ್ಕೂ ಇದೇ ಆಧಾರ. ಆದರೆ ಬೆಕ್ಕಿನ ಕುಟುಂಬದ ಪ್ರಾಣಿಗಳಿಗೆ ಟೌರಿನ್ ಎಂಬ ಪೋಷಕಾಂಶ ಬೇಕು. ನಮ್ಮ ಹಾಗೆ ಅವು ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರವು. ಮಾಂಸವನ್ನು ಬೇಯಿಸಿದಾಗ ಅದು ನೀರಿಗೆ ಇಳಿದು ಕಡಿಮೆಯಾಗುತ್ತದೆ. ಬೆಂದ ಮೂಳೆ ಸಿಬಿರಾಗಿ ಒಡೆದು ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಆದ್ದರಿಂದ ಎಲ್ಲವನ್ನೂ ಬೇಯಿಸುವುದಕ್ಕಿಂತ, ರೋಗವಿರುವ ಕಡೆಯ ಕೋಳಿಯನ್ನು ತರಿಸದಿರುವುದು, ಹಕ್ಕಿಜ್ವರದ ಸುದ್ದಿ ಬಂದೊಡನೆ ಕೋಳಿಯನ್ನೇ ನಿಲ್ಲಿಸುವುದು ಮೃಗಾಲಯಗಳ ಕ್ರಮ.

ಮೂರನೆಯ ಬಾಗಿಲು ನಾಯಿ. ನಾಯಿಗಳಿಗೆ ಡಿಸ್ಟೆಂಪರ್ ಎಂಬ ರೋಗವಿದೆ: ಜ್ವರ, ಮೂಗು-ಕಣ್ಣುಗಳಲ್ಲಿ ಲೋಳೆ, ಭೇದಿ, ಮುಂದೆ ಸ್ನಾಯುಗಳ ಅದುರು, ಸೆಳವು. ಇದರ ವೈರಾಣು ಮಕ್ಕಳಿಗೆ ಬರುವ ದಡಾರದ ವೈರಾಣುವಿಗೆ ಹತ್ತಿರದ ಸಂಬಂಧಿ. ದನಗಳ ದೊಡ್ಡ ರೋಗದ ವೈರಾಣುವೂ ಇದೇ ಕುಲದ್ದು. ಆ ದೊಡ್ಡ ರೋಗ ಲಸಿಕೆಯ ಬಲದಿಂದ ಭೂಮಿಯಿಂದಲೇ ಅಳಿಸಿಹೋಯಿತೆಂದು 2011ರಲ್ಲಿ ಘೋಷಣೆಯಾಯಿತು. ಊರಿನ ಹಿರಿಯ ರೈತರನ್ನು ತರಗತಿಗೆ ಕರೆದು ಅದರ ನೆನಪನ್ನು ಹೇಳಿಸಿದರೆ ವೈರಾಣು ಎಂಬ ಅಮೂರ್ತ ಪದಕ್ಕೆ ಒಂದು ಮುಖ ಬರುತ್ತದೆ.

ಡಿಸ್ಟೆಂಪರ್ ನಾಯಿಗೆ ಮಾತ್ರ ಎಂದು ಬಹುಕಾಲ ಭಾವಿಸಲಾಗಿತ್ತು. 1992ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಆಶ್ರಯಧಾಮವೊಂದರಲ್ಲಿ 17 ದೊಡ್ಡ ಬೆಕ್ಕುಗಳು ಅದರಿಂದ ಸತ್ತಾಗ ಆ ಭಾವನೆ ಮುರಿಯಿತು. ಎರಡು ವರ್ಷಗಳ ಬಳಿಕ, 1994ರಲ್ಲಿ, ಟಾಂಜಾನಿಯಾದ ಸೆರೆಂಗೆಟಿಯ ಕಾಡುಸಿಂಹಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ನಾಶವಾಯಿತು. ನಮ್ಮಲ್ಲಿ 2018ರ ಸೆಪ್ಟೆಂಬರಿನಲ್ಲಿ ಗುಜರಾತಿನ ಗಿರ್ ಅರಣ್ಯದ ದಲ್ಖಾನಿಯಾ ವಲಯದಲ್ಲಿ ಕೆಲವೇ ವಾರಗಳೊಳಗೆ 23 ಸಿಂಹಗಳು ಸತ್ತವು. ಕೆಲವು ಕಾಡಿನಲ್ಲಿ, ಕೆಲವು ಹಿಡಿದು ತಂದು ಚಿಕಿತ್ಸೆ ನೀಡುತ್ತಿದ್ದಾಗ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಡಿಸ್ಟೆಂಪರ್ ವೈರಾಣುವನ್ನು ಗುರುತಿಸಿತು. ಉಣ್ಣೆಯಿಂದ ಹರಡುವ ಬೇರೊಂದು ಸೋಂಕೂ ಜೊತೆಗಿತ್ತು. ಅಮೆರಿಕದಿಂದ 300 ಡೋಸ್ ಲಸಿಕೆಯನ್ನು ತರಿಸಲಾಯಿತು. ಗಿರ್‌ನ ಸಿಂಹಗಳು ಕಾಡಿನವಾದ್ದರಿಂದ ಅವು ಈ ಲೇಖನದ ವ್ಯಾಪ್ತಿಗೆ ಪೂರ್ತಿ ಸೇರವು. ಆದರೆ ಸೆರೆಯಲ್ಲಿರುವ ಸಿಂಹಗಳನ್ನು ರಕ್ಷಿಸುವುದು ಏಕೆ ಮುಖ್ಯವೆಂಬುದನ್ನು ತಿಳಿಯಲು ಗಿರ್ ಬೇಕು: ಏಷ್ಯಾ ಸಿಂಹ ಕಾಡಿನಲ್ಲಿ ಉಳಿದಿರುವುದು ಗುಜರಾತಿನ ಆ ಒಂದು ಸೀಮೆಯಲ್ಲಿ ಮಾತ್ರ. ಅಲ್ಲಿ ಅನಾಹುತವಾದರೆ ಮೃಗಾಲಯದ ಸಿಂಹಗಳೇ ಬೀಜದ ಕಣಜ.

ನಾಯಿಗೆ ಹಾಕುವ ಲಸಿಕೆಯನ್ನೇ ಹುಲಿಗೂ ಹಾಕಬಹುದಲ್ಲ ಎಂದು ತೋರುವುದು ಸಹಜ. ನಾಯಿಯ ಸಾಮಾನ್ಯ ಡಿಸ್ಟೆಂಪರ್ ಲಸಿಕೆಯಲ್ಲಿರುವುದು ಜೀವಂತ, ಆದರೆ ಬಲಗುಂದಿಸಿದ ವೈರಾಣು. ನಾಯಿಗೆ ಅದು ನಿರಪಾಯ. ಕೆಂಪು ಪಾಂಡಾ, ಕರಿಗಾಲಿನ ಫೆರೆಟ್ ಮುಂತಾದ ವನ್ಯಪ್ರಾಣಿಗಳಲ್ಲಿ ಅದೇ ಲಸಿಕೆ ರೋಗವನ್ನೇ ತಂದು ಕೊಂದ ಉದಾಹರಣೆಗಳಿವೆ. ಒಂದು ಜೀವಿಗೆ ದುರ್ಬಲವಾದದ್ದು ಇನ್ನೊಂದಕ್ಕೂ ದುರ್ಬಲವಾಗಿರಬೇಕೆಂಬ ನಿಯಮವಿಲ್ಲ. ಹಾಗಾಗಿ ಡಿಸ್ಟೆಂಪರ್ ವೈರಾಣುವಿನ ತುಣುಕೊಂದನ್ನು ಮಾತ್ರ, ಸಸ್ತನಿಗಳಲ್ಲಿ ವೃದ್ಧಿಯಾಗಲಾರದ ಹಕ್ಕಿಯ ಸಿಡುಬಿನ ವೈರಾಣುವೊಂದಕ್ಕೆ ಜೋಡಿಸಿ ತಯಾರಿಸಿದ ಲಸಿಕೆ ಬಂದಿದೆ. ಜೀವಂತ ಲಸಿಕೆ, ನಿಷ್ಕ್ರಿಯ ಲಸಿಕೆ, ತುಣುಕಿನ ಲಸಿಕೆ ಎಂಬ ಭೇದವನ್ನು ಮೇಲಿನ ತರಗತಿಗಳಲ್ಲಿ ಕಲಿಸುವಾಗ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗದು.

ಹೊಸೂರಿನ ಶಿಕ್ಷಕರು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಹತ್ತಿರದ ತಾಣ ಬನ್ನೇರುಘಟ್ಟ. 2023ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಆರಂಭದ ನಡುವೆ ಅಲ್ಲಿ ಏಳು ಚಿರತೆಮರಿಗಳು ಸತ್ತವು. ಕಾರಣ ಬೆಕ್ಕುಗಳ ಪ್ಯಾನ್‌ಲ್ಯುಕೊಪೇನಿಯಾ. ರಕ್ತದ ಬಿಳಿಕಣಗಳನ್ನು ಬರಿದುಮಾಡುವ ರೋಗವೆಂಬುದೇ ಆ ಹೆಸರಿನ ಅರ್ಥ. ಇದರ ವೈರಾಣು ವೇಗವಾಗಿ ವಿಭಜನೆಯಾಗುವ ಜೀವಕೋಶಗಳನ್ನೇ ಹುಡುಕಿ ಹೊಗುತ್ತದೆ. ಅಂಥ ಕೋಶಗಳಿರುವುದು ಮೂಳೆಯ ಮಜ್ಜೆಯಲ್ಲಿ ಮತ್ತು ಕರುಳಿನ ಒಳಪದರದಲ್ಲಿ. ಹೀಗಾಗಿ ಒಂದೆಡೆ ಭೇದಿ, ವಾಂತಿಗಳಿಂದ ದೇಹದ ನೀರು ಬಸಿದುಹೋದರೆ ಇನ್ನೊಂದೆಡೆ ರೋಗದೊಡನೆ ಹೋರಾಡಬೇಕಾದ ಬಿಳಿಕಣಗಳೇ ಇಲ್ಲದಾಗುತ್ತವೆ. ಮರಿಗಳಲ್ಲಿ ಇದು ಅತಿ ಬೇಗ ಕೊಲ್ಲುತ್ತದೆ.

ಆ ಮರಿಗಳಿಗೆ ಲಸಿಕೆ ಹಾಕಲಾಗಿತ್ತೆಂದು ಉದ್ಯಾನದ ಅಧಿಕಾರಿಗಳು ಆಗ ತಿಳಿಸಿದ್ದರು. ಲಸಿಕೆ ಹಾಕಿದ್ದೂ ರೋಗ ಬರಬಹುದೆ? ಬರಬಹುದು, ಲಸಿಕೆ ಸುಳ್ಳು ಎಂಬ ಮಾತು ಊರಿನಲ್ಲಿ ಎದ್ದಾಗ ಶಿಕ್ಷಕರು ಕೊಡಬೇಕಾದ ವಿವರಣೆಗಳಲ್ಲಿ ಒಂದು ಹೀಗಿದೆ. ಮರಿ ತಾಯಿಯ ಮೊದಲ ಹಾಲಿನಿಂದ ಸಿದ್ಧ ಪ್ರತಿಕಾಯಗಳನ್ನು ಪಡೆಯುತ್ತದೆ. ಅವು ಕೆಲವು ವಾರ ಮರಿಯನ್ನು ಕಾಯುತ್ತವೆ. ಆದರೆ ಲಸಿಕೆಯಲ್ಲಿರುವ ವೈರಾಣುವನ್ನೂ ಅವೇ ಹಿಡಿದುಹಾಕುವುದರಿಂದ ಮರಿಯ ದೇಹ ತಾನಾಗಿ ಪಾಠ ಕಲಿಯುವ ಅವಕಾಶ ತಪ್ಪುತ್ತದೆ. ತಾಯಿಯ ರಕ್ಷಣೆ ಕರಗಿ, ತನ್ನ ರಕ್ಷಣೆ ಇನ್ನೂ ಹುಟ್ಟದಿರುವ ನಡುವಿನ ದಿನಗಳು ಅಪಾಯದ ದಿನಗಳು. ಒಂದೇ ಸೂಜಿಯಲ್ಲಿ ಮುಗಿಸದೆ ಕೆಲವು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಹಾಕುವುದು ಇದಕ್ಕಾಗಿಯೇ. ದಡಾರದ ಲಸಿಕೆಯನ್ನು ಹುಟ್ಟಿದ ಕೂಡಲೇ ಕೊಡದೆ ಒಂಬತ್ತು ತಿಂಗಳು ಕಾಯುವುದರ ಹಿಂದೆಯೂ ಇದೇ ಲೆಕ್ಕವಿದೆ.

ಈ ವೈರಾಣುವಿಗೂ ಮೇಲೆ ಹೇಳಿದ ಮೂರಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಕೊರೊನಾ, ಹಕ್ಕಿಜ್ವರ, ಡಿಸ್ಟೆಂಪರ್ ವೈರಾಣುಗಳಿಗೆ ಹೊರಗೆ ಕೊಬ್ಬಿನ ತೆಳು ಹೊದಿಕೆ ಇರುತ್ತದೆ. ಸಾಬೂನು ಎಣ್ಣೆಜಿಡ್ಡನ್ನು ಬಿಡಿಸುವಂತೆಯೇ ಆ ಹೊದಿಕೆಯನ್ನೂ ಬಿಡಿಸುತ್ತದೆ. ಹೊದಿಕೆ ಹರಿದರೆ ವೈರಾಣು ನಿಷ್ಪ್ರಯೋಜಕ. ಪ್ಯಾನ್‌ಲ್ಯುಕೊಪೇನಿಯಾದ ವೈರಾಣುವಿಗೆ ಅಂಥ ಹೊದಿಕೆಯೇ ಇಲ್ಲ. ಗಟ್ಟಿಯಾದ ಪ್ರೋಟೀನಿನ ಚಿಪ್ಪೊಂದೇ ಅದರ ಕವಚ. ಕೈಗೆ ಹಚ್ಚುವ ಸ್ಯಾನಿಟೈಸರ್ ಅದನ್ನು ನೆಚ್ಚಬಹುದಾದಷ್ಟು ಕೊಲ್ಲದು. ನೆಲದಲ್ಲಿ, ಪಾತ್ರೆಯಲ್ಲಿ, ಚಪ್ಪಲಿಯ ಅಟ್ಟೆಯಲ್ಲಿ ಅದು ತಿಂಗಳುಗಟ್ಟಲೆ ಉಳಿಯಬಲ್ಲದು. ಅದಕ್ಕೆ ಬ್ಲೀಚಿಂಗ್ ದ್ರಾವಣ ಬೇಕು. ಪಾಲಕನೊಬ್ಬ ಬೀದಿಬೆಕ್ಕು ಓಡಾಡಿದ ನೆಲವನ್ನು ತುಳಿದು ಬಂದರೆ ಸಾಕು, ವೈರಾಣು ಆವರಣದೊಳಗೆ ಬಂದಂತೆಯೇ. ಮೃಗಾಲಯದ ದ್ವಾರಗಳಲ್ಲಿ ಔಷಧಿ ಬೆರೆಸಿದ ನೀರಿನ ತೊಟ್ಟಿಯಲ್ಲಿ ಕಾಲಿಟ್ಟು ಹೋಗಬೇಕಾಗಿರುವುದು, ಒಂದು ಆವರಣದ ಪೊರಕೆ-ಬಕೆಟ್ಟುಗಳನ್ನು ಇನ್ನೊಂದಕ್ಕೆ ಒಯ್ಯದಿರುವುದು ಇದಕ್ಕಾಗಿ. ತರಗತಿಯಲ್ಲಿ ಬಟ್ಟಲಿನ ನೀರಿನ ಮೇಲೆ ಎರಡು ಹನಿ ಎಣ್ಣೆ ತೇಲಿಸಿ, ಪಾತ್ರೆ ತೊಳೆಯುವ ಸಾಬೂನಿನ ಹನಿಯೊಂದನ್ನು ಬಿಟ್ಟು ತೋರಿಸಿ. ಪಕ್ಕದ ಬಟ್ಟಲಿನಲ್ಲಿ ಹುಣಸೆಬೀಜ ಹಾಕಿ ಅದೇ ಸಾಬೂನನ್ನು ಬಿಡಿ. ಎಣ್ಣೆ ಚದರುತ್ತದೆ, ಬೀಜಕ್ಕೆ ಏನೂ ಆಗದು. ಇದು ಹೋಲಿಕೆಯೇ ಹೊರತು ಪ್ರಮಾಣವಲ್ಲವೆಂದು ಹೇಳಲು ಮರೆಯಬೇಡಿ.

ರೋಗ ಬಂದ ಮೇಲೆ ಯಾವ ಪ್ರಾಣಿ ಉಳಿಯುತ್ತದೆ ಎಂಬುದು ವೈರಾಣುವಿನ ಮೇಲೆ ಮಾತ್ರ ನಿಂತಿಲ್ಲ. ಅಮೆರಿಕದ ಓರೆಗಾನ್ ರಾಜ್ಯದ ಸಫಾರಿ ಉದ್ಯಾನವೊಂದರಲ್ಲಿ 1982-83ರಲ್ಲಿ ಚೀತಾಗಳಿಗೆ ಬೆಕ್ಕಿನ ಕೊರೊನಾ ವೈರಾಣುವೊಂದು ತಗಲಿತು. ಮನೆಬೆಕ್ಕುಗಳ ಹಿಂಡಿನಲ್ಲಿ ಅದು ಕೆಲವನ್ನು ಮಾತ್ರ ಕೊಲ್ಲುತ್ತದೆ. ಅಲ್ಲಿ ಚೀತಾಗಳಲ್ಲಿ ಸುಮಾರು ಶೇಕಡ 60 ಸತ್ತವು. ಸ್ಟೀಫನ್ ಓಬ್ರಯನ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೊಂದು ಕಾರಣವನ್ನು ಮುಂದಿಟ್ಟರು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಚೀತಾಗಳ ನಡುವೆ ಚರ್ಮದ ತುಂಡನ್ನು ಕಸಿ ಮಾಡಿದರೆ ದೇಹ ಅದನ್ನು ಬೇಗನೆ ತಿರಸ್ಕರಿಸಲಿಲ್ಲ. ಅವಳಿಗಳೋ ಎಂಬಷ್ಟು ಸಾಮ್ಯ ಅವುಗಳಲ್ಲಿತ್ತು. ಒಂದರ ರಕ್ಷಣೆಯಲ್ಲಿರುವ ಬಿರುಕು ಎಲ್ಲವುಗಳಲ್ಲಿಯೂ ಅದೇ ಜಾಗದಲ್ಲಿರುತ್ತದೆ. ಹೊಲದ ತುಂಬ ಒಂದೇ ತಳಿ ಬಿತ್ತಿದ ರೈತನಿಗೆ ಇದು ಹೊಸ ವಿಷಯವಲ್ಲ. ಮೃಗಾಲಯಗಳು ಪ್ರಾಣಿಗಳ ವಂಶಾವಳಿಯ ದಾಖಲೆ ಇಟ್ಟು, ಹತ್ತಿರದ ಸಂಬಂಧಿಗಳು ಕೂಡದಂತೆ ಊರಿಂದೂರಿಗೆ ವಿನಿಮಯ ಮಾಡಿಕೊಳ್ಳುವುದರ ಉದ್ದೇಶ ಇದು. ಹಾಗೆ ಬಂದ ಹೊಸ ಪ್ರಾಣಿಯನ್ನು ಕೂಡಲೇ ಹಳೆಯವುಗಳ ಬಳಿ ಬಿಡದೆ ಕೆಲವು ವಾರ ಪ್ರತ್ಯೇಕವಾಗಿ ಇರಿಸುವುದೂ ಅಷ್ಟೇ ಅಗತ್ಯ.

ಪ್ರವಾಸಕ್ಕೆ ಹೊರಡುವ ಹಿಂದಿನ ದಿನ ಮಕ್ಕಳಿಗೆ ಕೆಲವು ಪ್ರಶ್ನೆಗಳನ್ನು ಬರೆಸಿ ಕಳುಹಿಸಬಹುದು. ಹುಲಿಯ ಆವರಣದ ಬಳಿ ಬೀದಿನಾಯಿ, ಬೆಕ್ಕು, ಕಾಗೆಗಳು ಕಂಡವೆ? ಪಾಲಕರು ಮಾಸ್ಕು, ಬೂಟು ಧರಿಸಿದ್ದರೆ? ಕಾಲು ಅದ್ದುವ ತೊಟ್ಟಿಯಲ್ಲಿ ನೀರಿತ್ತೆ, ಒಣಗಿತ್ತೆ? ಹಿಂದಿರುಗಿದ ಮೇಲೆ ಉತ್ತರಗಳನ್ನು ಓದಿಸಿ. ಶೀತ, ಕೆಮ್ಮು ಇರುವ ಮಗು ಅಂದು ಪ್ರವಾಸಕ್ಕೆ ಬರಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ಮಾತ್ರ ಹೊರಡುವ ಮುಂಚೆಯೇ ತರಗತಿಯ ಮುಂದಿಡಿ. ಆ ಮಗುವಿನ ಹೆಸರೆತ್ತದೆ, ಹುಲಿಯ ಪರವಾಗಿ ಒಂದು ಗುಂಪು, ಮಗುವಿನ ಪರವಾಗಿ ಇನ್ನೊಂದು ಗುಂಪು ಮಾತಾಡಲಿ.